ಕಣಕಾಲಿನ ಶಸ್ತ್ರಚಿಕಿತ್ಸೆಯ ನಂತರದ ವಾಕರ್ ಬೂಟು: ಶಿರಸಿಯ ಮಳೆಗಾಲದಲ್ಲಿ ಬಳಸಿ ನೋಡಿದ ಅಭಿಪ್ರಾಯ

ಕಣಕಾಲಿನ ಮೂಳೆ ಮುರಿದು ಪ್ಲೇಟು, ಸ್ಕ್ರೂ ಹಾಕಿಸಿಕೊಂಡವರಿಗೆ ವೈದ್ಯರು ಬರೆದುಕೊಡುವ ವಾಕರ್ ಬೂಟು ಒಳ್ಳೆಯ ಸಾಧನವೇ ಹೌದು. ಆದರೆ ಅದನ್ನು ತೊಟ್ಟ ಮಾತ್ರಕ್ಕೆ ನಡೆಯಲು ಅಪ್ಪಣೆ ಸಿಕ್ಕಿತೆಂದು ತಿಳಿದವರನ್ನು ಅದು ಸುಲಭವಾಗಿ ದಾರಿ ತಪ್ಪಿಸುತ್ತದೆ. ಶಿರಸಿಯ ಸಮೀಪದ ನಮ್ಮ ಮನೆಯಲ್ಲಿ ಅಕ್ಕನಿಗಾಗಿ ಇದನ್ನು ಕೊಂಡೆವು. ಪಾಚಿಗಟ್ಟಿದ ಅಂಗಳದಲ್ಲಿ, ಅಡಿಕೆ ದಬ್ಬೆ ಹಾಸಿದ್ದ ಜಾಗ ಬಿಟ್ಟು ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟದ್ದರಿಂದ ಜಾರಿ, ಅವಳ ಬಲಗಾಲಿನ ಹೊರಗಂಟು, ಒಳಗಂಟು ಎರಡೂ ಮುರಿದಿದ್ದವು. ಬೂಟಿನ ಜೊತೆಗೆ ಮುಂಗೈಗೆ ಪಟ್ಟಿ ಬರುವ ಎರಡು ಊರುಗೋಲು ಮತ್ತು ಮುಳ್ಳು ತಿರುಗುವ ಹಳೆಯ ಮಾದರಿಯ ತೂಕದ ಯಂತ್ರವೊಂದನ್ನೂ ತಂದೆವು. ಮೂರರಲ್ಲಿ ಹೆಚ್ಚು ದುಡ್ಡು ಹೋದದ್ದು ಬೂಟಿಗೆ. ಹೆಚ್ಚು ಉಪಯೋಗಕ್ಕೆ ಬಂದದ್ದು ತೂಕದ ಯಂತ್ರ.

ಮೊದಲು ಬೂಟಿನ ವಿಚಾರ. ಮೊಣಕಾಲಿನ ಕೆಳಗಿನವರೆಗೆ ಏರುವ ಚೌಕಟ್ಟಿಗೆ ಎರಡೂ ಪಕ್ಕದಲ್ಲಿ ಗಟ್ಟಿ ಪಟ್ಟಿಗಳಿವೆ, ಒಳಗೆ ಫೋಮಿನ ಪದರವಿದೆ, ಮುಂದೆ ವೆಲ್ಕ್ರೋ ಕಟ್ಟುಗಳಿವೆ. ಪಾದವನ್ನು ಅದು ಕಾಲಿಗೆ ಲಂಬವಾಗಿ ಹಿಡಿದಿಡುವುದರಿಂದ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಗಿಡ್ಡವಾಗಿ ಪಾದ ಕೆಳಮುಖವಾಗಿ ಬಿಗಿದುಕೊಳ್ಳುವ ಭಯವಿಲ್ಲ. ಅಡಿಭಾಗ ತೊಟ್ಟಿಲಿನ ಬುಡದಂತೆ ಬಾಗಿದೆ. ಹಾಗಾಗಿ ಕಣಕಾಲು ಮಡಚದೆಯೇ ದೇಹವನ್ನು ಮುಂದಕ್ಕೆ ಉರುಳಿಸಿ ಹೆಜ್ಜೆ ಇಡಬಹುದು. ಪ್ಲಾಸ್ಟರಿಗಿಂತ ಇದು ಮೇಲೆನಿಸುವುದು ಬಿಚ್ಚಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ: ಗಾಯ ನೋಡಬಹುದು, ಸ್ನಾನ ಮಾಡಿಸಬಹುದು, ಕುಳಿತಲ್ಲಿಯೇ ಪಾದವನ್ನು ಮೇಲೆ ಕೆಳಗೆ ಆಡಿಸುವ ವ್ಯಾಯಾಮವನ್ನು ವೈದ್ಯರು ಹೇಳಿದ ದಿನದಿಂದಲೇ ಶುರುಮಾಡಬಹುದು.

ಔಷಧದ ಅಂಗಡಿಯಲ್ಲಿ ನಮಗೆ ಹೇಳಿದ್ದು, "ಇದನ್ನು ಹಾಕಿಕೊಂಡರೆ ನಾಳೆಯಿಂದಲೇ ನಡೆಯಬಹುದು" ಎಂದು. ಹಾಗೆ ಹೇಳುವ ಅಧಿಕಾರ ಅಂಗಡಿಯವರಿಗೂ ಇಲ್ಲ, ಬೂಟಿಗೂ ಇಲ್ಲ. ಶಸ್ತ್ರಚಿಕಿತ್ಸೆಯ ನಂತರ ಆರು ವಾರ ಕಾಲೂರಬಾರದು ಎಂಬುದು ಹಳೆಯ ರೂಢಿ. ಮೂಳೆ ಬೆಸೆಯುವವರೆಗೆ ಲೋಹವೊಂದೇ ಅದನ್ನು ಹಿಡಿದಿರುತ್ತದೆ, ಆ ಹಿಡಿತ ಸಡಿಲವಾಗಬಾರದು ಎಂಬುದು ಅದರ ಹಿಂದಿನ ಎಚ್ಚರಿಕೆ. ಈಚೆಗೆ ಈ ರೂಢಿ ಸಡಿಲಗೊಳ್ಳುತ್ತಿರುವುದಕ್ಕೆ ಕಾರಣವಿದೆ. ಬ್ರಿಟನ್ನಿನ 23 ಆಸ್ಪತ್ರೆಗಳಲ್ಲಿ 561 ಮಂದಿಯ ಮೇಲೆ ನಡೆದು 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವಾರಕ್ಕೆ ಕಾಲೂರಲು ಆರಂಭಿಸಿದವರನ್ನು ಆರು ವಾರ ಕಾದವರೊಂದಿಗೆ ಹೋಲಿಸಿದರು. ನಾಲ್ಕು ತಿಂಗಳ ಹೊತ್ತಿಗೆ ಬೇಗ ಆರಂಭಿಸಿದವರ ಕಣಕಾಲಿನ ಸ್ಥಿತಿ ಕಾದವರಿಗಿಂತ ಯಾವ ರೀತಿಯಲ್ಲೂ ಹಿಂದೆ ಇರಲಿಲ್ಲ, ತೊಡಕುಗಳೂ ಹೆಚ್ಚುಕಡಿಮೆ ಸಮವಾಗಿಯೇ ಇದ್ದವು. ಆದರೆ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ನೋವು ಎಚ್ಚರಿಕೆ ಕೊಡುವುದೇ ಇಲ್ಲ. ಅಂಥವರನ್ನು ವೈದ್ಯರು ಉಳಿದವರಿಗಿಂತ ಬಹಳ ಹೆಚ್ಚು ಕಾಲ ಕಾಯಿಸುತ್ತಾರೆ. ಕಣಕಾಲಿನ ಮೇಲ್ಭಾಗದಲ್ಲಿ ಎರಡು ಮೂಳೆಗಳನ್ನು ಕಟ್ಟಿಹಿಡಿಯುವ ಅಸ್ಥಿರಜ್ಜು ಹರಿದು, ಎರಡಕ್ಕೂ ಸೇರಿಸಿ ಅಡ್ಡ ಸ್ಕ್ರೂ ಹಾಕಿದ್ದರೆ, ಅಥವಾ ಮೂಳೆ ಸವೆದು ಟೊಳ್ಳಾಗಿದ್ದರೆ, ಗಾಯ ಇನ್ನೂ ಒಣಗಿರದಿದ್ದರೆ ಲೆಕ್ಕ ಮತ್ತೆ ಬೇರೆ. ಪಕ್ಕದ ಮನೆಯವರು ಎಷ್ಟನೆಯ ವಾರಕ್ಕೆ ನಡೆದರು ಎಂಬುದರಿಂದ ನಿಮ್ಮ ಕಾಲಿಗೆ ಏನೂ ತಿಳಿಯುವುದಿಲ್ಲ. ನೋಡಲು ಬಂದ ನೆಂಟರಲ್ಲಿ ಅರ್ಧ ಮಂದಿ ನಡೆಯಲು ಹೇಳಿದರು, ಉಳಿದರ್ಧ ಮಂದಿ ಮೂರು ತಿಂಗಳು ಮಲಗಲು ಹೇಳಿದರು; ಎಣ್ಣೆ ತಿಕ್ಕಲು ಮಾತ್ರ ಎಲ್ಲರೂ ಹೇಳಿದರು.

ಅಕ್ಕನಿಗೆ ಅಡ್ಡ ಸ್ಕ್ರೂ ಇರಲಿಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಹೊಲಿಗೆ ಬಿಚ್ಚಿ, ಎಕ್ಸ್‌ರೇ ನೋಡಿದ ಬಳಿಕ ಬೂಟು ತೊಟ್ಟು ದೇಹತೂಕದ ಕಾಲು ಭಾಗದಷ್ಟು ಭಾರ ಹಾಕಲು ವೈದ್ಯರು ಹೇಳಿದರು. ಅರವತ್ತು ಕಿಲೋ ತೂಕದವರಿಗೆ ಕಾಲು ಭಾಗವೆಂದರೆ ಹದಿನೈದು ಕಿಲೋ. ಹೇಳಲು ಸುಲಭ, ಆದರೆ ಹದಿನೈದು ಕಿಲೋ ಎಂದರೆ ಎಷ್ಟು ಎಂಬುದು ಕಾಲಿಗೆ ಗೊತ್ತಿರುವುದಿಲ್ಲ. ತೂಕದ ಯಂತ್ರ ಬೇಕಾದದ್ದು ಇಲ್ಲಿ. ಬೂಟು ತೊಟ್ಟ ಕಾಲನ್ನು ಯಂತ್ರದ ಮೇಲೂ, ಇನ್ನೊಂದು ಕಾಲನ್ನು ಅಷ್ಟೇ ಎತ್ತರದ ಹಲಗೆಯ ಮೇಲೂ ಇಟ್ಟು, ಊರುಗೋಲು ಹಿಡಿದು ನಿಂತು, ಮುಳ್ಳು ಹದಿನೈದಕ್ಕೆ ಬರುವವರೆಗೆ ನಿಧಾನವಾಗಿ ಭಾರ ಇಳಿಸಬೇಕು. ನಾಲ್ಕಾರು ಸಲ ಹೀಗೆ ಮಾಡಿ, ನಂತರ ಮುಳ್ಳು ನೋಡದೆ ಅಂದಾಜಿನಲ್ಲಿ ಒತ್ತಿ, ಆಮೇಲೆ ನೋಡಿದರೆ ಹೆಚ್ಚಿನ ಸಲ ಇಪ್ಪತ್ತೈದು ದಾಟಿರುತ್ತಿತ್ತು. ಡಿಜಿಟಲ್ ಯಂತ್ರ ಇದಕ್ಕೆ ಒಗ್ಗುವುದಿಲ್ಲ. ಒಂದು ಅಂಕಿ ತೋರಿಸಿ ಸ್ತಬ್ಧವಾಗುತ್ತದೆ, ಭಾರ ಏರಿಳಿಯುವುದನ್ನು ಹಿಂಬಾಲಿಸುವುದಿಲ್ಲ. ಮುಂದೆ ಎಷ್ಟು ಏರಿಸಬೇಕೆಂಬುದನ್ನೂ ವೈದ್ಯರೇ ಹೇಳಿದರು. ರಾತ್ರಿ ಕಾಲೆತ್ತಿ ಮಲಗಿದಾಗ ಇಳಿಯುವ ನೋವು, ಬಾವು ಚಿಂತೆಯದಲ್ಲ. ಬೆಳಿಗ್ಗೆಯೂ ಹಾಗೆಯೇ ಉಳಿದಿದ್ದರೆ ಹಿಂದಿನ ದಿನದ ಭಾರ ಹೆಚ್ಚಾಯಿತೆಂದು ಅರ್ಥ. ಮೀನಖಂಡದಲ್ಲಿ ಬಿಗಿದ ನೋವು, ಏದುಸಿರು, ಗಾಯದಿಂದ ಸೋರಿಕೆ, ಜ್ವರ ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ಬೂಟಿನ ತಯಾರಕರು ನಮ್ಮ ಕಡೆಯ ಮನೆಗಳನ್ನೂ ಮಳೆಯನ್ನೂ ಲೆಕ್ಕಕ್ಕೆ ಹಿಡಿದಂತಿಲ್ಲ. ಅಡಿಭಾಗ ದಪ್ಪವಾಗಿರುವುದರಿಂದ ಬೂಟಿನ ಕಾಲು ಎತ್ತರವಾಗಿ, ಇನ್ನೊಂದು ಕಾಲು ಗಿಡ್ಡವಾಗುತ್ತದೆ. ಹೊರಗೆ ಓಡಾಡುವಾಗ ಆ ಕಾಲಿಗೆ ದಪ್ಪ ಚಪ್ಪಲಿ ಹಾಕಿ ಸರಿದೂಗಿಸಬಹುದು, ಮನೆಯೊಳಗೆ ಬರಿಗಾಲಲ್ಲಿ ಓಡಾಡುವ ನಮಗೆ ಸೊಂಟನೋವು ಗ್ಯಾರಂಟಿ. ದೇವರ ಕೋಣೆ, ಅಡುಗೆಮನೆಯ ಮಡಿಯ ವಿಷಯದಲ್ಲಿ ಅಮ್ಮ ಸ್ವಲ್ಪ ಗೊಣಗಿದರೂ, ಒಳಗಷ್ಟೇ ಬಳಸುವ ಹೊಸ ಚಪ್ಪಲಿಯೊಂದನ್ನು ತಂದ ಮೇಲೆಯೇ ಅಕ್ಕನ ನಡಿಗೆ ನೆಟ್ಟಗಾಯಿತು. ಒಳಪದರವಂತೂ ಜುಲೈ ತಿಂಗಳ ಹವೆಯಲ್ಲಿ ಒಣಗುವುದೇ ಇಲ್ಲ. ಬಚ್ಚಲ ಒಲೆಯ ಹತ್ತಿರ ಇಟ್ಟರೆ ಫೋಮು ಮುದುಡುತ್ತದೆ, ಫ್ಯಾನಿನ ಕೆಳಗೆ ಇಟ್ಟರೆ ಎರಡು ದಿನ ಬೇಕು. ಎರಡನೆಯ ಒಳಪದರ ಬಿಡಿಯಾಗಿ ಸಿಗದಿರುವುದು ಈ ಸಾಧನದ ದೊಡ್ಡ ಕೊರತೆಯೆಂದು ನನಗೆ ಕಾಣುತ್ತದೆ. ಉದ್ದನೆಯ ಹತ್ತಿ ಕಾಲುಚೀಲ ತೊಡಿಸಿ, ದಿನಕ್ಕೆರಡು ಸಲ ಬದಲಿಸಿ, ಹಿಮ್ಮಡಿಯಲ್ಲಿ ಕೆಂಪು ಕಲೆ ಮೂಡಿದೆಯೇ ಎಂದು ನೋಡುತ್ತಿದ್ದೆವು.

ಊರುಗೋಲುಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಹಿಡಿಕೆ ಮಣಿಕಟ್ಟಿನ ಮಟ್ಟಕ್ಕಿರಬೇಕು, ಹಿಡಿದಾಗ ಮೊಣಕೈ ತುಸು ಬಾಗಿರಬೇಕು. ಜಗಲಿಯ ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಊರುಗೋಲಿನೊಂದಿಗೆ ನೋವಿನ ಕಾಲು ಮೊದಲು. ತುದಿಯ ರಬ್ಬರು ಸವೆದರೆ ಕೂಡಲೇ ಬದಲಿಸಿ. ಒದ್ದೆ ನೆಲದಲ್ಲಿ ಸವೆದ ರಬ್ಬರು ಎರಡನೆಯ ಮುರಿತಕ್ಕೆ ದಾರಿ.

ಕೊಳ್ಳುವವರು ಬಾವು ಹೆಚ್ಚಿರುವ ಸಂಜೆಯ ಹೊತ್ತಿನಲ್ಲಿ, ಬ್ಯಾಂಡೇಜಿನ ಸಮೇತ ಅಳತೆ ಕೊಡುವುದು ಒಳ್ಳೆಯದು. ನಮಗೆ ಬೇಕಾದ ಅಳತೆ ಶಿರಸಿಯಲ್ಲಿ ಇರಲಿಲ್ಲ, ಹುಬ್ಬಳ್ಳಿಯಿಂದ ತರಿಸಿಕೊಟ್ಟರು. ಬಲಗಾಲಿಗೆ ಬೂಟಿದ್ದಾಗ ಸ್ಕೂಟರು, ಕಾರು ಎರಡನ್ನೂ ಮುಟ್ಟಬಾರದು. ಬೂಟು ಬಿಚ್ಚಿದ ಮೇಲೂ ಬ್ರೇಕು ಜೋರಾಗಿ ಒತ್ತುವಷ್ಟು ಬಲ ಬರಲು ವಾರಗಳೇ ಹಿಡಿಯುತ್ತವೆ. ವೈದ್ಯರು ಇನ್ನೂ ಸ್ವಲ್ಪವೂ ಭಾರ ಹಾಕಬಾರದು ಎಂದಿದ್ದರೆ ಈ ಬೂಟಿಗೆ ಆತುರಪಡುವ ಅಗತ್ಯವಿಲ್ಲ. ಆ ದುಡ್ಡಿನಲ್ಲಿ ಮೊದಲು ಕಮೋಡ್ ಕುರ್ಚಿ ತನ್ನಿ, ಏಕೆಂದರೆ ಕುಕ್ಕರಗಾಲಿನಲ್ಲಿ ಕೂರುವಷ್ಟು ಕಣಕಾಲು ಮಡಚುವುದು ಎಲ್ಲಕ್ಕಿಂತ ಕೊನೆಗೆ.