ಎನ್‌ಎಚ್‌ಎಲ್ ಐಸ್ ಹಾಕಿ: ಲೀಗ್ ಪಂದ್ಯ ನೋಡುವುದೋ, ಪ್ಲೇಆಫ್ ನೋಡುವುದೋ?

ಎನ್‌ಎಚ್‌ಎಲ್ ಎಂದರೆ ಅಮೆರಿಕ, ಕೆನಡಾ ತಂಡಗಳ ವೃತ್ತಿಪರ ಐಸ್ ಹಾಕಿ ಲೀಗ್. ಅದರ ಬಾಸ್ಟನ್ ಬ್ರೂಯಿನ್ಸ್ ತಂಡದ 2022-23ರ ಸೀಸನ್ ನೋಡಿದರೆ ಎರಡರ ಅಂತರ ಚೆನ್ನಾಗಿ ತಿಳಿಯುತ್ತದೆ. ಲೀಗ್‌ನ 82 ಪಂದ್ಯಗಳಲ್ಲಿ 65 ಗೆಲುವು, 135 ಅಂಕ, ಎರಡೂ ದಾಖಲೆ. ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ, 3-1ರಿಂದ ಮುಂದಿದ್ದೂ, ಬರೀ 92 ಅಂಕದ ಫ್ಲೋರಿಡಾ ಪ್ಯಾಂಥರ್ಸ್‌ಗೆ 4-3ರಿಂದ ಸರಣಿ ಸೋತರು.

ಲೀಗ್‌ನಲ್ಲಿ ಎದುರಾಳಿ ದಿನಕ್ಕೊಬ್ಬ. ಬಾಸ್ಟನ್‌ನ ಉಲ್‌ಮಾರ್ಕ್, ಸ್ವೇಮನ್ ಇಬ್ಬರು ಗೋಲ್‌ಕೀಪರ್‌ಗಳೂ ಸರದಿಯಲ್ಲಿ ಆಡಿ ದಣಿವು ಹಂಚಿಕೊಂಡಿದ್ದರು. ಪ್ಲೇಆಫ್‌ನಲ್ಲಿ ಏಳು ಪಂದ್ಯದವರೆಗೂ ಒಂದೇ ತಂಡ. ಮೂರನೆಯದರ ಹೊತ್ತಿಗೆ ನಿಮ್ಮ ಪವರ್‌ಪ್ಲೇ (ಎದುರಾಳಿ ಆಟಗಾರ ಶಿಕ್ಷೆಗೆ ಹೊರಹೋಗಿ ನಿಮ್ಮ ಬಲ ಹೆಚ್ಚಿರುವ ಹೊತ್ತು) ತಂತ್ರವೆಲ್ಲ ಅವರಿಗೆ ಬಾಯಿಪಾಠ. ಉಲ್‌ಮಾರ್ಕ್ ಸತತ ಆರು ಪಂದ್ಯ ಆರಂಭಿಸಿದರು. ಸ್ವೇಮನ್‌ಗೆ ಆರಂಭದಿಂದ ಆಡುವ ಅವಕಾಶ ಸಿಕ್ಕಿದ್ದು ಏಳನೆಯದರಲ್ಲಿ. ತಡವಾಯಿತು ಎಂದೇ ನನ್ನ ಅಭಿಪ್ರಾಯ.

ನಿಯಮವೂ ಬೇರೆ. ಲೀಗ್‌ನಲ್ಲಿ ಸಮವಾದರೆ ಮೂವರ ವಿರುದ್ಧ ಮೂವರು, ಐದು ನಿಮಿಷ, ಆಮೇಲೆ ಶೂಟೌಟ್. ಸೋತವರಿಗೂ ಒಂದು ಅಂಕ. ಪ್ಲೇಆಫ್‌ನಲ್ಲಿ ಆ ಸಮಾಧಾನವಿಲ್ಲ: ಐವರ ವಿರುದ್ಧ ಐವರು, 20 ನಿಮಿಷದ ಅವಧಿಗಳು, ಗೋಲು ಬೀಳುವವರೆಗೆ. ಆ ಏಳನೇ ಪಂದ್ಯ ಮುಗಿದದ್ದೂ ಹಾಗೆಯೇ, ಫ್ಲೋರಿಡಾದ ವರ್‌ಹೇಗಿ ಗೋಲಿನಿಂದ.

ಆಟ ಕಲಿಯಬೇಕೆಂದರೆ ಲೀಗ್ ಹಿಡಿಯಿರಿ. ಆಫ್‌ಸೈಡ್ (ಆಟದ ಬಿಲ್ಲೆಗಿಂತ ಮೊದಲೇ ಎದುರಾಳಿಯ ವಲಯಕ್ಕೆ ನುಗ್ಗುವುದು), ಐಸಿಂಗ್ (ತಮ್ಮ ಅರ್ಧದಿಂದ ಬಿಲ್ಲೆಯನ್ನು ಎದುರಾಳಿಯ ಗೋಲುಗೆರೆಯಾಚೆಗೆ ಹೊಡೆದುಬಿಡುವುದು) ಹತ್ತು ಪಂದ್ಯದಲ್ಲಿ ಕಣ್ಣಿಗೆ ಹತ್ತುತ್ತವೆ. ಬಿಡುವು ಕಡಿಮೆಯಿದ್ದರೆ ಏಪ್ರಿಲ್‌ವರೆಗೆ ಕಾದು ನೇರ ಪ್ಲೇಆಫ್‌ಗೆ ಬನ್ನಿ. ಬಾಸ್ಟನ್‌ನ ಸಂಜೆ 7ರ ಪಂದ್ಯ ಬೆಂಗಳೂರಲ್ಲಿ ಚಳಿಗಾಲಕ್ಕೆ ಬೆಳಗಿನ 5.30, ಏಪ್ರಿಲ್‌ನಲ್ಲಿ 4.30. ಓವರ್‌ಟೈಮ್ ಎಳೆದರೆ ಆಫೀಸಿಗೆ ತಡವಾದೀತು, ನೋಡಿಕೊಳ್ಳಿ.