ಗದ್ದೆಗೊಂದು, ತೋಟಕ್ಕೊಂದು: ಎರಡು ಹೊಸ ಮಿನಿ ಟ್ರ್ಯಾಕ್ಟರ್ ಪಳಗಿಸಿದ ಅನುಭವ

ಕೊಡಗಿನಲ್ಲಿ ಹೊಸ ಮಿನಿ ಟ್ರ್ಯಾಕ್ಟರ್ ತಗೊಂಡವರು ಅದನ್ನು ಮೊದಲು ಗದ್ದೆಯಲ್ಲಿ ಪಳಗಿಸಬೇಕು, ತೋಟದಲ್ಲಿ ಅಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ. ಯಾವ ಕಂಪನಿ, ಎಷ್ಟು ಸಿಲಿಂಡರ್ ಅನ್ನುವುದೆಲ್ಲ ಆಮೇಲಿನ ಮಾತು. ಮೊದಲ 50 ಗಂಟೆ ಎಂಜಿನ್ ಎಂಥ ಕೆಲಸ ಮಾಡಿತು ಅನ್ನುವುದರ ಮೇಲೆ ಮುಂದಿನ ಎಷ್ಟೋ ವರ್ಷ ನಿಂತಿರುತ್ತದೆ.

ನಮ್ಮದು ಪೊನ್ನಂಪೇಟೆ ಕಡೆ. ಮೇಲೆ ರೊಬಸ್ಟಾ ಕಾಫಿ ತೋಟ, ಕೆಳಗೆ ಗದ್ದೆ. ನಾನು ಕುಬೋಟಾ ನಿಯೋಸ್ಟಾರ್ ಬಿ2441 ತಂದೆ. ಅದೇ ಕಾಫಿ ಕೊಯ್ಲಿನ ಹೊತ್ತಿಗೆ ಪಕ್ಕದ ಚಿಕ್ಕಪ್ಪನ ಮನೆಗೆ ಮಹೀಂದ್ರಾ ಜೀವೋ 245 ಬಂತು. ಎರಡೂ 24 ಎಚ್‌ಪಿ, ಎರಡೂ ಫೋರ್ ವೀಲ್ ಡ್ರೈವ್. ಚಿಕ್ಕಪ್ಪನಿಗೆ ಮೊಣಕಾಲು ನೋವು, ಮಕ್ಕಳು ಊರಲ್ಲಿಲ್ಲ. ಹಾಗಾಗಿ ಎರಡೂ ಗಾಡಿ ಹೆಚ್ಚುಕಡಿಮೆ ನನ್ನ ಕೈಯಲ್ಲೇ ಪಳಗಿದವು.

ಕಾಗದದ ಮೇಲಿನ ವ್ಯತ್ಯಾಸ ಸಣ್ಣದು. ಕುಬೋಟಾದ್ದು ಮೂರು ಸಿಲಿಂಡರ್, 2600 ಆರ್‌ಪಿಎಂ, ಮುಂದಕ್ಕೆ 9 ಗೇರ್, ಹಿಂದಕ್ಕೆ 3. ಜೀವೋದ್ದು ಎರಡು ಸಿಲಿಂಡರ್, 2300 ಆರ್‌ಪಿಎಂ, ಮುಂದಕ್ಕೆ 8, ಹಿಂದಕ್ಕೆ 4. ಹಿಂದೆ ಉಪಕರಣ ಎತ್ತುವ ಲಿಫ್ಟ್ ಎರಡರದ್ದೂ 750 ಕೆಜಿ. ಸೀಟಿನಲ್ಲಿ ಕೂತ ಮೇಲೆ ಮಾತ್ರ ಇವು ಬೇರೆ ಬೇರೆ ಸ್ವಭಾವದ ಗಾಡಿಗಳು.

ಮೊದಲು ಪಳಗಿಸುವ ವಿಷಯ. ಅದರ ಬಗ್ಗೆ ನಮ್ಮ ಕಡೆ ತಪ್ಪು ತಿಳಿವಳಿಕೆ ಜಾಸ್ತಿ. ಹೊಸ ಗಾಡಿ, ಸುಮ್ನೆ ನಿಧಾನಕ್ಕೆ ಓಡಿಸು, ಭಾರ ಹಾಕಬೇಡ ಅಂತ ಎಲ್ಲರೂ ಹೇಳುತ್ತಾರೆ. ಅದರ ಅರ್ಧ ಮಾತ್ರ ಸರಿ. ಸಿಲಿಂಡರ್‌ನ ಒಳಗೋಡೆಯಲ್ಲಿ ಫ್ಯಾಕ್ಟರಿಯಲ್ಲೇ ಸಣ್ಣ ಸಣ್ಣ ಅಡ್ಡಗೆರೆ ಕೊರೆದಿರುತ್ತಾರೆ. ಪಿಸ್ಟನ್ ರಿಂಗು ಆ ಗೋಡೆಗೆ ಉಜ್ಜಿ ಉಜ್ಜಿ ಸರಿಯಾಗಿ ಕೂರಬೇಕು. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದು ಡೀಸೆಲ್ ಉರಿದಾಗ ಹುಟ್ಟುವ ಒತ್ತಡ. ಕೆಲಸ ಇಲ್ಲದೆ ಎಂಜಿನ್ ಓಡಿದರೆ ಆ ಒತ್ತಡ ಸಾಲದು. ಎಣ್ಣೆ ಗೋಡೆಯ ಮೇಲೇ ಸುಟ್ಟು ನುಣ್ಣನೆಯ ಪದರ ಕಟ್ಟುತ್ತದೆ. ಅದು ಗಟ್ಟಿಯಾದರೆ ರಿಂಗು ಕೂರುವುದಿಲ್ಲ. ಆಮೇಲೆ ಗಾಡಿ ಎಣ್ಣೆ ಕುಡಿಯಲು ಶುರುಮಾಡುತ್ತದೆ.

ಈಗ ನಮ್ಮ ಕಾಫಿ ಕೊಯ್ಲು ನೆನಪು ಮಾಡಿಕೊಳ್ಳಿ. ಟ್ರೇಲರ್ ಕಟ್ಟಿಕೊಂಡು ಸಾಲಿಗೆ ಹೋಗುತ್ತೇವೆ. ಕೆಲಸದವರು ಹಣ್ಣಿನ ಚೀಲ ಹೊತ್ತು ತರುವವರೆಗೆ ಎಂಜಿನ್ ಗುಟುಗುಟು ಅಂತ ನಿಂತಲ್ಲೇ ಓಡುತ್ತಿರುತ್ತದೆ. ಹತ್ತು ಮಾರು ಮುಂದೆ ಹೋಗಿ ಮತ್ತೆ ನಿಲ್ಲುತ್ತೇವೆ. ಕೊನೆಗೆ ತುಂಬಿದ ಟ್ರೇಲರ್ ಎಳೆದುಕೊಂಡು ಕಣದವರೆಗೆ ಒಂದೇ ಉಸಿರಿಗೆ ಏರು. ಹೊಸ ಎಂಜಿನ್ನಿಗೆ ಇದಕ್ಕಿಂತ ಕೆಟ್ಟ ಕೆಲಸ ಇಲ್ಲ. ಒಂದೋ ಕೆಲಸವೇ ಇಲ್ಲ, ಇಲ್ಲಾಂದ್ರೆ ಬಿಸಿಯಾಗದ ಎಂಜಿನ್ ಮೇಲೆ ಒಮ್ಮೆಲೇ ಪೂರ್ತಿ ಭಾರ.

ಎರಡೂ ರೀತಿ ಓಡಿಸಿ ನೋಡಿದೆ, ಎರಡೂ ಗಾಡಿಯಲ್ಲಿ. ಸಂಜೆ ಎಂಜಿನ್ ಆರಿದ ಮೇಲೆ ಸೈಲೆನ್ಸರ್ ಬಾಯೊಳಗೆ ಬೆರಳು ಹಾಕಿ ನೋಡುತ್ತಿದ್ದೆ. ಚೀಲ ಸಾಗಿಸಿದ ದಿನ ಬೆರಳಿಗೆ ಒದ್ದೆ ಮಸಿ, ಜಿಡ್ಡುಜಿಡ್ಡು. ಬಟ್ಟೆಯಲ್ಲಿ ಒರೆಸಿದರೂ ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. ಗದ್ದೆಯಲ್ಲಿ ಮಣ್ಣು ಪುಡಿಮಾಡುವ ರೊಟವೇಟರ್ ಓಡಿಸಿದ ದಿನ ಒಣ ಮಸಿ, ಊದಿದರೆ ಹಾರುವಷ್ಟು. ಎರಡು ಸಿಲಿಂಡರ್ ಆದರೇನು ಮೂರಾದರೇನು, ಈ ಲೆಕ್ಕ ಬದಲಾಗಲಿಲ್ಲ. ಗಾಡಿಯ ವ್ಯತ್ಯಾಸಕ್ಕಿಂತ ಕೆಲಸದ ವ್ಯತ್ಯಾಸ ದೊಡ್ಡದು ಅಂತ ನನಗೆ ಖಾತ್ರಿಯಾದದ್ದು ಅಲ್ಲೇ.

ಹಾಗಂತ ಜನವರಿಯ ಒಣಗದ್ದೆಗೆ ಇಳಿಸಬೇಡಿ. ಪುತ್ತರಿ ಹಬ್ಬ ಕಳೆದು ಕೊಯ್ಲಾದ ಗದ್ದೆ ಬಿಸಿಲಿಗೆ ಬಿರಿದು ಕಲ್ಲಾಗಿರುತ್ತದೆ. ರೊಟವೇಟರ್ ಕುಣಿಯುತ್ತದೆ, ಅದನ್ನು ತಿರುಗಿಸುವ ಪಿಟಿಒ ಶಾಫ್ಟಿಗೂ ಗೇರ್‌ಬಾಕ್ಸಿಗೂ ಪೆಟ್ಟು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಮಣ್ಣು ಹದಕ್ಕೆ ಬಂದಾಗ ಇಳಿಸಬೇಕು. ಅಲ್ಲಿಯವರೆಗೆ ತೋಟದ ಕೆಲಸ ಮಾಡಲೇಬೇಕು ಅಂದರೆ ಚೀಲ ತುಂಬುವಾಗ ಎಂಜಿನ್ ಆರಿಸಿಬಿಡಿ. ಕೆಲಸದವರು ಮಾತಾಡಿಕೊಂಡು ತುಂಬಲಿ, ಅವಸರ ಏನಿದೆ?

ಗದ್ದೆಯಲ್ಲಿ ನಾನು ಮಾಡಿದ್ದು ಇಷ್ಟು. ಸ್ಟಾರ್ಟ್ ಮಾಡಿ ಐದು ನಿಮಿಷ ಬಿಸಿಯಾಗಲು ಬಿಡುವುದು. ರೊಟವೇಟರ್ ಆಳ ಕಡಿಮೆ ಇಟ್ಟು ಶುರು. ಒಂದೇ ಆರ್‌ಪಿಎಂನಲ್ಲಿ ಗಂಟೆಗಟ್ಟಲೆ ಓಡಿಸದೆ ಆಗಾಗ ಹೆಚ್ಚುಕಡಿಮೆ ಮಾಡುವುದು. ಪೂರ್ತಿ ಥ್ರಾಟಲ್ ಇಲ್ಲ. ಎಂಜಿನ್ ಏದುಸಿರು ಬಿಡುವವರೆಗೂ ಇಲ್ಲ. ದಿನ ಕಳೆದಂತೆ ಆಳ ಜಾಸ್ತಿ. ಬೆಳಗ್ಗೆ ಎಣ್ಣೆ ಕಡ್ಡಿ, ರೇಡಿಯೇಟರ್ ನೀರು, ಚಕ್ರದ ಬೋಲ್ಟು ನೋಡದೆ ಕೀಲಿ ತಿರುಗಿಸಬಾರದು. ಹೊಸ ಗಾಡಿಯ ಬೋಲ್ಟುಗಳು ಕೂತುಕೊಳ್ಳುತ್ತಾ ಸ್ವಲ್ಪ ಸಡಿಲ ಆಗುತ್ತವೆ, ಯಾವ ಕಂಪನಿಯದಾದರೂ ಅಷ್ಟೇ.

ಈ ಹಂತದಲ್ಲಿ ಜೀವೋ ಓಡಿಸುವುದು ಸುಲಭ ಅನ್ನಿಸಿತು. ಎರಡು ದೊಡ್ಡ ಸಿಲಿಂಡರ್ ಆದ್ದರಿಂದ ಪ್ರತಿ ಏಟೂ ಕಿವಿಗೂ ಕೈಗೂ ತಿಳಿಯುತ್ತದೆ. ಭಾರ ಬಿದ್ದ ಕೂಡಲೇ ಸದ್ದು ದಪ್ಪಗಾಗುತ್ತದೆ. ಗೇರ್ ಇಳಿಸಬೇಕು ಅಂತ ಗಾಡಿಯೇ ಹೇಳಿದ ಹಾಗೆ. ಕಡಿಮೆ ಆರ್‌ಪಿಎಂನಲ್ಲೂ ಎಳೆಯುತ್ತದೆ. ಕುಬೋಟಾ ನಯವಾಗಿ ಓಡುತ್ತದೆ, ಸಂಜೆ ಇಳಿದಾಗ ಸೊಂಟ ಹಗುರ. ಆದರೆ ಆ ನಯದಿಂದಲೇ ಭಾರ ಎಷ್ಟು ಬಿದ್ದಿದೆ ಅಂತ ಕಿವಿಗೆ ಬೇಗ ಗೊತ್ತಾಗುವುದಿಲ್ಲ. ಮೀಟರಿನ ಮುಳ್ಳು ನೋಡಿಕೊಂಡೇ ಓಡಿಸಬೇಕು. ಅದಕ್ಕೆ ಆರ್‌ಪಿಎಂ ಸ್ವಲ್ಪ ಮೇಲಿದ್ದರೇ ಖುಷಿ.

ತೋಟದೊಳಗೆ ಮಾತು ತಿರುಗುತ್ತದೆ. ರೊಬಸ್ಟಾ ಹತ್ತಡಿ ಅಂತರದಲ್ಲಿ ನೆಟ್ಟಿದ್ದರೂ ಬೆಳೆದ ಗಿಡದ ರೆಕ್ಕೆಗಳು ದಾರಿಗೆ ಚಾಚಿರುತ್ತವೆ. ಜೊತೆಗೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಬಳ್ಳಿಯ ಬುಡಕ್ಕೆ ಚಕ್ರ ತಾಗಿದರೆ ವರ್ಷಗಳ ಫಸಲು ಹೋಯ್ತು. ಇಲ್ಲಿ ಕುಬೋಟಾ ನನಗೆ ಜಾಸ್ತಿ ಇಷ್ಟ. ಅದರ ಮುಂದಿನ ಆಕ್ಸಲ್ ಬೆವೆಲ್ ಗೇರ್ (ಓರೆ ಹಲ್ಲಿನ ಗೇರ್) ಇರುವ ಮುಚ್ಚಿದ ಆಕ್ಸಲ್. ಹಾಗಾಗಿ ಫೋರ್ ವೀಲ್ ಹಾಕಿದ್ದರೂ ಮುಂದಿನ ಚಕ್ರ ಚೆನ್ನಾಗಿ ಹೊರಳುತ್ತದೆ. ಸಾಲಿನ ಕೊನೆಯಲ್ಲಿ ಒಂದೇ ಸಲಕ್ಕೆ ತಿರುಗಿಸಿಕೊಂಡು ಬರುವುದು ಅಂದರೆ ಎಂಥ ನೆಮ್ಮದಿ! ಟ್ರೇಲರ್ ಕಟ್ಟಿ ಹಿಂದಕ್ಕೆ ಬರುವಾಗ ಮಾತ್ರ ಜೀವೋದ ನಾಲ್ಕು ರಿವರ್ಸ್ ಗೇರ್ ಅನುಕೂಲ. ಜಾಗಕ್ಕೆ ತಕ್ಕ ವೇಗ ಸಿಗುತ್ತದೆ.

ತೋಟದಲ್ಲಿ ಎರಡಕ್ಕೂ ಒಂದೇ ಶತ್ರು, ತರಗೆಲೆ. ಬೇಸಿಗೆಯಲ್ಲಿ ರೇಡಿಯೇಟರ್ ಮುಂದಿನ ಜಾಲರಿಗೆ ಎಲೆ ಚೂರು, ಧೂಳು ಅಂಟಿ ಗಾಳಿಯೇ ಹೋಗುವುದಿಲ್ಲ. ಮಧ್ಯಾಹ್ನ ಊಟಕ್ಕೆ ಇಳಿದಾಗ ಒಮ್ಮೆ ಬಿಚ್ಚಿ ಕೊಡವಿ.

ಇಳಿಜಾರಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಇಂಥ ಗಾಡಿಗಳ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಫೋರ್ ವೀಲ್ ಹಾಕಿದರೆ ಮುಂದಿನ ಚಕ್ರವೂ ಹಿಂದಿನದ್ದಕ್ಕೆ ಜೋಡಿಯಾಗುತ್ತದೆ, ಆಗ ನಾಲ್ಕೂ ಚಕ್ರ ಹಿಡಿಯುತ್ತವೆ. ಏರಲು ಮಾತ್ರ ಫೋರ್ ವೀಲ್ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಮೇಲಿನ ಬಾಣೆ ಜಾಗದಿಂದ ಗದ್ದೆಗೆ ಇಳಿಯುವಾಗ ಅದು ಇನ್ನೂ ಮುಖ್ಯ. ತರಗೆಲೆ ಮೇಲೆ ಹಿಂದಿನ ಚಕ್ರ ಜಾರಿತು ಅಂದರೆ ತುಂಬಿದ ಟ್ರೇಲರ್ ಹಿಂದಿನಿಂದ ದೂಡುತ್ತದೆ, ಗಾಡಿ ಅಡ್ಡ ತಿರುಗುತ್ತದೆ. ಇಳಿಯುವ ಮೊದಲೇ ಸಣ್ಣ ಗೇರ್ ಹಾಕಿ, ಎಡ ಬಲ ಚಕ್ರದ ಎರಡೂ ಬ್ರೇಕ್ ಪೆಡಲ್ ಸೇರಿಸಿ ಲಾಕ್ ಮಾಡಿ. ಮಧ್ಯದಲ್ಲಿ ಕ್ಲಚ್ ಒತ್ತಲೇಬೇಡಿ. ಟಾರ್ ರಸ್ತೆಗೆ ಬಂದ ಕೂಡಲೇ ಫೋರ್ ವೀಲ್ ತೆಗೆಯಿರಿ. ಮುಂದಿನ ಚಕ್ರ ಹಿಂದಿನದ್ದಕ್ಕಿಂತ ಒಂದು ಚೂರು ವೇಗವಾಗಿ ತಿರುಗುವ ಹಾಗೆ ಗೇರ್ ಇರುತ್ತದೆ. ಮಣ್ಣಿನಲ್ಲಿ ಅದು ಜಾರಿ ಸರಿಹೋಗುತ್ತದೆ. ಟಾರಿನಲ್ಲಿ ಟೈರ್ ಸವೆದು ಗೇರ್ ಬಿಗಿದುಕೊಳ್ಳುತ್ತದೆ. ಇಳಿಜಾರಿನಲ್ಲಿ ಎರಡು ಗಾಡಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ.

ಜುಲೈಯ ಕೆಸರು ಉಳುಮೆಯಲ್ಲಿ ನನ್ನ ಮತ ಜೀವೋಗೆ. ಕೇಜ್ ವೀಲ್ (ಕೆಸರಿಗೆಂದೇ ಇರುವ ಕಬ್ಬಿಣದ ಚಕ್ರ) ಹಾಕಿ ಕೆಸರಿಗೆ ಇಳಿಸಿದರೆ ಕಡಿಮೆ ವೇಗದಲ್ಲೇ ಎಳೆದುಕೊಂಡು ಹೋಗುತ್ತದೆ, ಪದೇ ಪದೇ ಗೇರ್ ಬದಲಿಸುವ ಗೋಜಿಲ್ಲ. ಕುಬೋಟಾವೂ ಕೆಲಸ ಮುಗಿಸುತ್ತದೆ, ಆರ್‌ಪಿಎಂ ಏರಿಸಿಟ್ಟು ಓಡಿಸಬೇಕು ಅಷ್ಟೇ. ಬದುವಿನ ಮೂಲೆ ಮೂಲೆಗೂ ಹೋಗಿ ತಿರುಗುವುದರಲ್ಲಿ ಅದೇ ಮುಂದೆ. ನಾಟಿ ಮುಗಿದ ಮೇಲೆ ಯಾವ ಗಾಡಿಯಾದರೂ ಮುಂದಿನ ಆಕ್ಸಲ್ ಎಣ್ಣೆ ಒಮ್ಮೆ ನೋಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತಲೇ ಲೆಕ್ಕ. ನಮ್ಮ ಆಯುಧದ ಹಬ್ಬ ಕೈಲ್ ಮುಹೂರ್ತಕ್ಕೆ ಗಾಡಿ ತೊಳೆಯುವಾಗ ಈ ಕೆಲಸವೂ ಮುಗಿಸಿಬಿಡಿ.

ಟಿಲ್ಲರ್ ಸಾಕಲ್ವಾ ಅಂತ ಕೇಳುವವರಿದ್ದಾರೆ. ಅರೇಬಿಕಾ ಜಾಸ್ತಿ ಇರುವ ಸೋಮವಾರಪೇಟೆ, ಮಾದಾಪುರ ಕಡೆ ಆರಡಿ ಅಂತರದ ಸಾಲಿಗೆ ಇವೆರಡೂ ನುಗ್ಗುವುದಿಲ್ಲ, ಅಲ್ಲಿ ಟಿಲ್ಲರೇ ಸರಿ. ಚಿಕ್ಕ ಚಿಕ್ಕ ಮೆಟ್ಟಿಲು ಗದ್ದೆಗೂ ಅದೇ. ಆದರೆ ದಿನವಿಡೀ ಅದರ ಹಿಂದೆ ಕೆಸರಿನಲ್ಲಿ ನಡೆದವರಿಗೆ ಗೊತ್ತು ಆ ಕೈ ನೋವು.

ಗದ್ದೆ ಜಾಸ್ತಿ ಇದ್ದು, ಓಡಿಸುವವರು ಹೊಸಬರಾದರೆ ಜೀವೋ ತಗೊಳ್ಳಿ. ತೋಟವೇ ಮುಖ್ಯ, ಮೆಣಸಿನ ಬಳ್ಳಿ ದಟ್ಟವಾಗಿದೆ ಅಂದರೆ ಕುಬೋಟಾ. ಶೋರೂಮಿನವರಿಗೆ ಡೆಮೊ ನಿಮ್ಮ ತೋಟದಲ್ಲೇ ಕೊಡಿ ಅನ್ನಿ. ನಿಮ್ಮ ಅತಿ ಇಕ್ಕಟ್ಟಿನ ಸಾಲಿನಲ್ಲಿ ಟ್ರೇಲರ್ ಕಟ್ಟಿ ರಿವರ್ಸ್ ತೆಗೆಸಿ ನೋಡಿ. 50 ಗಂಟೆಯ ಮೊದಲ ಸರ್ವಿಸಿಗೆ ಮೆಕ್ಯಾನಿಕ್ ಮನೆಗೇ ಬರುತ್ತಾರಾ ಅಂತಲೂ ಕೇಳಿ. ಆ ಎಣ್ಣೆ, ಫಿಲ್ಟರ್ ಬದಲಿಸುವುದನ್ನು ಇನ್ನೊಂದು ವಾರ ಬಿಟ್ಟು ಮಾಡೋಣ ಅಂತ ಮುಂದೂಡಬೇಡಿ. ಮೊದಲ ಎಣ್ಣೆ ಇಳಿಸಿದಾಗ ಬಾಣಲೆಯನ್ನು ಬಿಸಿಲಿಗೆ ಓರೆ ಮಾಡಿ ನೋಡಿದೆ. ಕಪ್ಪೆಣ್ಣೆಯಲ್ಲಿ ಸಣ್ಣಗೆ ಮಿನುಗುತ್ತಿದ್ದದ್ದು ಎಂಜಿನ್ ಸವೆದು ಬಿಟ್ಟ ಲೋಹದ ಪುಡಿ. ಎರಡೂ ಗಾಡಿಯಲ್ಲಿ ಅದು ಇತ್ತು, ಹೊಸ ಎಂಜಿನ್ನಿನಲ್ಲಿ ಇರುವುದೇ ಹಾಗೆ. ಅದು ಹೊರಗೆ ಹೋಗಲೇಬೇಕು.