ಕಡಲ ಬದಿಯ ರಸ್ತೆಗೆ ಕಲ್ಲಿನ ಗೋಡೆಯಾ, ಗ್ರೋಯ್ನಾ, ಕಾಂಡ್ಲಾ ಗಿಡವಾ?

ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಇಂಥ ರಸ್ತೆಯನ್ನು ಕಡಲ ಕೊರೆತದಿಂದ ಉಳಿಸಲು ಯಾವುದು ಸರಿ?

ಅಲೆ ಈಗಲೇ ಡಾಂಬರಿನ ಅಂಚು ಮುಟ್ಟುತ್ತಿದ್ದರೆ ಕಲ್ಲು ಹಾಕಲೇಬೇಕು. ಬೇಗ ಆಗುತ್ತದೆ. ಆದರೆ ಸುಮ್ನೆ ಸುರಿದರೆ ಅಲೆ ಬುಡದ ಮರಳನ್ನು ಎಳೆದುಕೊಂಡು ಹೋಗುತ್ತದೆ, ಕಲ್ಲು ಒಂದೊಂದೇ ಕುಸಿಯುತ್ತದೆ. ಮಳೆಗಾಲ ಮುಗಿದ ಮೇಲೆ ಮತ್ತೆ ಲಾರಿ, ಮತ್ತೆ ಖರ್ಚು.

ಗ್ರೋಯ್ನ್ ಅಂದರೆ ದಡದಿಂದ ಕಡಲೊಳಗೆ ಚಾಚಿದ ಕಲ್ಲಿನ ದಂಡೆ. ಮೊದಲ ಖರ್ಚು ಜಾಸ್ತಿ. ದಡದುದ್ದಕ್ಕೂ ಮರಳು ಸಾಗುವ ಕಡೆ ಬೀಚ್ ಉಳಿಯುತ್ತದೆ, ದೋಣಿ ಎಳೆಯಲೂ ಜಾಗ ಸಿಗುತ್ತದೆ. ಆದರೆ ಪಕ್ಕದೂರಿಗೆ ಹೋಗುವ ಮರಳು ಇಲ್ಲೇ ನಿಲ್ಲುತ್ತದೆ. ಅವರು ಸುಮ್ಮನಿರ್ತಾರಾ?

ಕಾಂಡ್ಲಾ ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ. ಅಗ್ಗ, ಆದರೆ ತೆರೆ ಬಡಿಯುವಲ್ಲಿ ನಿಲ್ಲದು. ಹೊಳೆ ಬದಿಗೆ ನೆಡಿ. ಬೇರು ಹಿಡಿಯಲು ವರ್ಷಗಳು ಬೇಕು. ಮಳೆನೀರು ರಸ್ತೆ ಮೇಲೆ ನಿಲ್ಲುವುದಕ್ಕೆ ಈ ಮೂರೂ ಮದ್ದಲ್ಲ. ಅಲ್ಲಿ ಮೋರಿ ದೊಡ್ಡದು ಮಾಡಿಸಿ.